ಹೊಡೆತ ತಿಂದು ಬಂದ ಹೆಣ್ಣುಮಗಳಿಗೆ ಊರಿನಲ್ಲೇ ಆಸರೆ ಸಿಗುವಂತೆ ಒಕ್ಕೂಟದವರು ಏನು ಮಾಡಬಹುದು?

ಪ್ರಶ್ನೆ: ಒಕ್ಕೂಟದ ಕಾರ್ಯದರ್ಶಿ, ಕಾರಟಗಿ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಾನು ಕೊಪ್ಪಳ ಜಿಲ್ಲೆಯ ಕಾರಟಗಿ ತಾಲ್ಲೂಕಿನ ಗ್ರಾಮ ಪಂಚಾಯಿತಿಯೊಂದರ ಸಂಜೀವಿನಿ ಒಕ್ಕೂಟದಲ್ಲಿ, ಅಂದರೆ ಮಹಿಳಾ ಸ್ವಸಹಾಯ ಗುಂಪುಗಳ ಒಕ್ಕೂಟದಲ್ಲಿ, ಕೆಲಸ ಮಾಡುತ್ತೇನೆ. ಸಾಲದ ಕಂತು, ಸಭೆಯ ನಡಾವಳಿ, ಬ್ಯಾಂಕಿನ ಓಡಾಟ ಇವೇ ನನ್ನ ದಿನನಿತ್ಯದ ಕೆಲಸಗಳು. ಇಂದು ಕೇಳುತ್ತಿರುವ ವಿಷಯ ನಮ್ಮ ಯಾವ ಪುಸ್ತಕದಲ್ಲೂ ದಾಖಲಾಗುವುದಿಲ್ಲ.

ಕಳೆದ ಮುಂಗಾರಿನಲ್ಲಿ, ಕಾಲುವೆಗೆ ನೀರು ಬಿಟ್ಟು ಊರಿಗೆ ಊರೇ ನಾಟಿಗೆ ಇಳಿದಿದ್ದ ದಿನಗಳಲ್ಲಿ, ರಾತ್ರಿ ಹತ್ತೂವರೆಯ ಹೊತ್ತಿಗೆ ನಮ್ಮ ಗುಂಪಿನ ಸದಸ್ಯೆಯೊಬ್ಬಳು ಮೂರು ವರ್ಷದ ಮಗಳನ್ನು ಎತ್ತಿಕೊಂಡು ನಮ್ಮ ಮನೆಯ ಬಾಗಿಲಿಗೆ ಬಂದಳು. ಹಗಲೆಲ್ಲ ಗದ್ದೆಯಲ್ಲಿ ಬಗ್ಗಿ ಸಸಿ ಹಚ್ಚಿದ ಕೆಸರು ಮೊಣಕಾಲಿನವರೆಗೆ ಹಾಗೆಯೇ ಒಣಗಿತ್ತು. ಎಡಗೈಯ ಮಣಿಕಟ್ಟಿನಲ್ಲಿ ಹಸಿರು ಬಳೆಯ ಚೂರುಗಳು ಚುಚ್ಚಿಕೊಂಡಿದ್ದವು. ನಮ್ಮ ಅತ್ತೆಯವರು ಮೊಬೈಲಿನ ಬೆಳಕಿನಲ್ಲಿ ಅವನ್ನು ಪಿನ್ನಿನಿಂದ ಒಂದೊಂದಾಗಿ ತೆಗೆದು ಅರಿಷಿಣ ಹಚ್ಚಿದರು. ಅವಳು ಅಳಲಿಲ್ಲ. "ಅಕ್ಕಾ, ಈ ವಾರದ ಕಂತು ನನ್ನ ಕಡೆ ಇಲ್ಲ, ಅವ ಕಸಗೊಂಡಾನ" ಎಂದಷ್ಟೇ ಹೇಳಿದಳು. ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿ ಅವಳ ಖಾತೆಗೆ ಬಂದ ದಿನ ಅದು.

ಪೊಲೀಸರಿಗೆ ಫೋನ್ ಮಾಡೋಣವೇ ಎಂದು ಕೇಳಿದಾಗ ಬೇಡವೆಂದು ಕೈ ಮುಗಿದಳು. ಕೊನೆಯ ಬಸ್ಸು ಹೋಗಿಯಾಗಿತ್ತು. ಅವಳನ್ನು ಎಲ್ಲಿಗೆ ಕರೆದೊಯ್ಯಬೇಕು, ಯಾರಿಗೆ ತಿಳಿಸಬೇಕು ಎಂಬುದು ಹತ್ತು ವರ್ಷ ಗುಂಪಿನ ಲೆಕ್ಕ ಬರೆದ ನನಗೆ ಗೊತ್ತಿರಲಿಲ್ಲ. ಬೆಳಗ್ಗೆ ಎಂಟಕ್ಕೆ ಅಗಸಿ ಕಟ್ಟೆಯ ಮೇಲೆ ದೈವದವರು, ಅಂದರೆ ನ್ಯಾಯ ಹೇಳುವ ಊರ ಹಿರಿಯರು, ಕೂಡಿದರು. ಗಂಡನನ್ನು ಕೇಳಿದ್ದು ಒಂದೇ ಮಾತು: "ಯಾಕೋ ತಮ್ಮಾ, ಹಿಂಗ್ಯಾಕ ಮಾಡಿದಿ?" ಅವಳನ್ನು ಮಾತ್ರ ಹೊತ್ತಿಗೆ ಸರಿಯಾಗಿ ರೊಟ್ಟಿ ಬಡಿಯುತ್ತಾಳೋ ಇಲ್ಲವೋ, ಫೋನಿನಲ್ಲಿ ಯಾರ ಜೊತೆ ಮಾತನಾಡುತ್ತಾಳೆ, ಗುಂಪಿನ ಸಭೆಗೆ ಗಂಡನನ್ನು ಕೇಳಿ ಹೋಗುತ್ತಾಳೋ ಕೇಳದೆ ಹೋಗುತ್ತಾಳೋ ಎಂದು ಒಂದು ತಾಸು ವಿಚಾರಿಸಿದರು. ಕೊನೆಗೆ ಅವನು ಗುಡಿಯ ಮುಂದೆ ಆಣೆ ಮಾಡಿದ. ಅವಳನ್ನು ಅವನ ಹಿಂದೆಯೇ ಕಳುಹಿಸಿದರು. ತಿಂಗಳು ತುಂಬುವುದರೊಳಗೆ ಮತ್ತೆ ಅದೇ ಆಯಿತು. ಈಗ ಅವಳು ಸಿಂಧನೂರು ತಾಲ್ಲೂಕಿನ ತವರುಮನೆಯಲ್ಲಿದ್ದಾಳೆ.

ಕಾನೂನು ಇದೆ, ಸಹಾಯವಾಣಿ ಇದೆ, ಜಿಲ್ಲಾ ಕೇಂದ್ರದಲ್ಲಿ ಕಚೇರಿಗಳಿವೆ ಎಂದು ತರಬೇತಿಗಳಲ್ಲಿ ಕೇಳಿದ್ದೇನೆ. ಆದರೆ ಬಾಗಿಲು ಬಡಿದ ಆ ರಾತ್ರಿಯಿಂದ ಜಿಲ್ಲಾ ಕೇಂದ್ರದ ಆ ಕಚೇರಿಯವರೆಗಿನ ದಾರಿಯನ್ನು ಹಳ್ಳಿಯಲ್ಲಿರುವ ನಾವು ಹೇಗೆ ಕಟ್ಟಬೇಕು? ಒಕ್ಕೂಟಕ್ಕೆ ಇದರಲ್ಲಿ ಅಧಿಕಾರವಿದೆಯೇ, ಅಥವಾ ನಾಳೆ ನಮ್ಮ ಮೇಲೆಯೇ ಕೇಸು ಬರುತ್ತದೆಯೇ? ದೈವದವರು ರಾಜಿ ಮಾಡಿಸಿ ಕಳುಹಿಸುವಾಗ ನಾವು ಏನು ಹೇಳಬೇಕು? ಅನುಭವ ಇರುವವರು ದಯವಿಟ್ಟು ವಿವರವಾಗಿ ಬರೆಯಿರಿ.

ಉತ್ತರ 1: ನಿವೃತ್ತ ಅಂಗನವಾಡಿ ಮೇಲ್ವಿಚಾರಕಿ, ರಾಯಚೂರು

ತಂಗಿ, ನಿಮ್ಮ ಬರಹವನ್ನು ಎರಡು ಸಲ ಓದಿದೆ. ಆ ರಾತ್ರಿ ನೀವು ಬಾಗಿಲು ತೆರೆದಿರಿ ಎಂಬುದೇ ದೊಡ್ಡದು. ಎಷ್ಟೋ ಊರುಗಳಲ್ಲಿ ಬಾಗಿಲು ಬಡಿದ ಸದ್ದು ಕೇಳಿದರೂ ದೀಪ ಆರಿಸಿ ಮಲಗುವವರಿದ್ದಾರೆ.

ಮೊದಲು ನಿಮ್ಮ ಭಯದ ಬಗ್ಗೆ ಹೇಳುತ್ತೇನೆ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆ ಕಾಯ್ದೆಯನ್ನು 2005ರಲ್ಲಿ ಮಾಡಲಾಯಿತು. ಅದು 2006ರ ಅಕ್ಟೋಬರ್ 26ರಂದು ಜಾರಿಗೆ ಬಂತು. ಹಿಂಸೆ ನಡೆದಿದೆ, ನಡೆಯುತ್ತಿದೆ ಅಥವಾ ನಡೆಯಬಹುದು ಎಂದು ನಂಬಲು ಕಾರಣವಿರುವ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು ಎಂದು ಅದರ 4ನೇ ಕಲಂ ಹೇಳುತ್ತದೆ. ಸದುದ್ದೇಶದಿಂದ ಮಾಹಿತಿ ಕೊಟ್ಟವರ ಮೇಲೆ ಯಾವ ಹೊಣೆಯನ್ನೂ ಹೊರಿಸುವಂತಿಲ್ಲ ಎಂಬುದೂ ಅದೇ ಕಲಮಿನಲ್ಲಿದೆ. ನಿಮ್ಮ ಒಕ್ಕೂಟದ ಪ್ರತಿಯೊಬ್ಬ ಸದಸ್ಯೆಗೆ ಈ ಮಾತು ಬಾಯಿಪಾಠ ಬರಬೇಕು.

ಆ ಸಂರಕ್ಷಣಾಧಿಕಾರಿ ಯಾರು ಎಂದು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೇ, ಅಂದರೆ ನೀವೆಲ್ಲ ಸಿಡಿಪಿಒ ಎಂದು ಕರೆಯುವವರಿಗೇ, ಆ ಹೊಣೆ ಕೊಡಲಾಗಿದೆ. ಅಂಗನವಾಡಿ ಕಾರ್ಯಕರ್ತೆ ತಿಂಗಳ ವರದಿ ಒಪ್ಪಿಸುವ ಅದೇ ಕಚೇರಿ. ಹಿಂಸೆಗೊಳಗಾದ ಮಹಿಳೆಯ ಹೇಳಿಕೆಯನ್ನು ನಿಗದಿತ ನಮೂನೆಯಲ್ಲಿ ಬರೆದು ಮ್ಯಾಜಿಸ್ಟ್ರೇಟರಿಗೆ ಕಳುಹಿಸುವುದು ಅವರ ಕರ್ತವ್ಯ. ಕಚೇರಿಗಳಲ್ಲಿ ಆ ವರದಿಯನ್ನು ಡಿಐಆರ್ (ಕೌಟುಂಬಿಕ ಘಟನೆಯ ವರದಿ) ಎನ್ನುತ್ತಾರೆ. ಉಚಿತ ವಕೀಲರನ್ನು ಕೊಡಿಸುವುದು, ಬೇಕಾದರೆ ಆಸರೆ ಮನೆಗೆ ಸೇರಿಸುವುದು, ಗಾಯವಾಗಿದ್ದರೆ ವೈದ್ಯಕೀಯ ತಪಾಸಣೆ ಮಾಡಿಸುವುದು ಕೂಡ ಅವರದೇ ಕೆಲಸ. ಹೊಡೆತ ನಡೆಯುತ್ತಿದೆ ಎಂಬ ನಂಬಲರ್ಹ ಮಾಹಿತಿ ಫೋನಿನಲ್ಲಿ ಬಂದರೂ ಸಾಕು, ಅವರು ಕೂಡಲೇ ಪೊಲೀಸರ ನೆರವು ಪಡೆದು ಸ್ಥಳಕ್ಕೆ ಹೋಗಬೇಕು ಎಂದು 2006ರ ನಿಯಮಗಳು ಹೇಳುತ್ತವೆ.

ಇಷ್ಟು ವರ್ಷ ಇಲಾಖೆಯ ಒಳಗಿದ್ದವಳಾಗಿ ಇನ್ನೊಂದು ಮಾತನ್ನೂ ಮುಚ್ಚಿಡದೆ ಹೇಳುತ್ತೇನೆ. ಒಬ್ಬ ಯೋಜನಾಧಿಕಾರಿಯ ತಲೆಯ ಮೇಲೆ ನೂರಾರು ಅಂಗನವಾಡಿಗಳ ಆಹಾರ, ಕಟ್ಟಡ, ನೇಮಕಾತಿ, ಗೃಹಲಕ್ಷ್ಮಿಯ ದೂರು ಎಲ್ಲವೂ ಇರುತ್ತವೆ. ಸಂರಕ್ಷಣಾಧಿಕಾರಿ ಎಂಬುದು ಅವರ ಎಷ್ಟನೆಯದೋ ಟೋಪಿ. ಅದಕ್ಕೆ ಪ್ರತ್ಯೇಕ ಸಿಬ್ಬಂದಿ ಇಲ್ಲದ ಕಡೆ ಒಳ್ಳೆಯ ಮನಸ್ಸಿನ ಅಧಿಕಾರಿಯೂ ಸೋಲುತ್ತಾರೆ. ಈ ಕಾಯ್ದೆ ಸರಿಯಾಗಿ ಜಾರಿಯಾಗುತ್ತಿಲ್ಲ ಎಂಬ ಅರ್ಜಿಯ ಮೇಲೆ 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಜಿಲ್ಲೆ ಮತ್ತು ತಾಲ್ಲೂಕು ಮಟ್ಟದಲ್ಲಿ ಸಂರಕ್ಷಣಾಧಿಕಾರಿಗಳನ್ನು ಗುರುತಿಸಿ ನೇಮಿಸುವಂತೆ ರಾಜ್ಯಗಳಿಗೆ ಸೂಚಿಸಬೇಕಾಗಿ ಬಂತು ಎಂದರೆ ಪರಿಸ್ಥಿತಿ ಅರ್ಥವಾಗುತ್ತದೆ.

ಆದ್ದರಿಂದ ನನ್ನ ಮೊದಲ ಸಲಹೆ, ಯಾರೂ ಬಾಗಿಲು ಬಡಿಯದ ದಿನವೇ ಹೋಗಿ ಅಧಿಕಾರಿಯನ್ನು ಭೇಟಿಯಾಗಿ. ಒಕ್ಕೂಟದ ಸಭೆಯಲ್ಲಿ ಠರಾವು ಮಾಡಿ, ನಾಲ್ಕು ಜನ ಹೋಗಿ, ರಾತ್ರಿ ಹೊತ್ತು ಯಾರ ಫೋನಿಗೆ ಕರೆ ಮಾಡಬೇಕು, ಅವರು ಎತ್ತದಿದ್ದರೆ ಮುಂದೆ ಯಾರು ಎಂಬುದನ್ನು ಬರವಣಿಗೆಯಲ್ಲಿ ಕೇಳಿ, ಸ್ವೀಕೃತಿ ಪಡೆದುಕೊಳ್ಳಿ. ಮುಖ ಪರಿಚಯವಿದ್ದವರ ಕರೆಗೂ ಅಪರಿಚಿತರ ಕರೆಗೂ ಕಚೇರಿಯಲ್ಲಿ ಬಹಳ ವ್ಯತ್ಯಾಸವಿದೆ. ಮಹಿಳಾ ಗ್ರಾಮಸಭೆಯಲ್ಲಿ ಇದೇ ವಿಷಯವನ್ನು ಎತ್ತಿ ನಡಾವಳಿಯಲ್ಲಿ ಬರೆಸಿ.

ಎರಡನೆಯದು ಆ ಮೊದಲ ರಾತ್ರಿಯ ವ್ಯವಸ್ಥೆ. ಅಂಗನವಾಡಿಯನ್ನೋ ಪಂಚಾಯಿತಿ ಕಟ್ಟಡವನ್ನೋ ಆಸರೆಯ ಜಾಗ ಎಂದು ಹೇಳುವುದು ಸುಲಭ, ಆದರೆ ರಾತ್ರಿ ಅಲ್ಲಿ ಬೀಗ ಇರುತ್ತದೆ. ಬೇರೆ ಬೇರೆ ಓಣಿಗಳಲ್ಲಿ, ಬೇರೆ ಬೇರೆ ಸಮುದಾಯಗಳಲ್ಲಿ ಮೂರು ಮನೆಗಳನ್ನು ನೀವೇ ಗುರುತಿಸಿಕೊಳ್ಳಿ. ಯಾವ ಮನೆ ಎಂಬುದು ಹೆಣ್ಣುಮಕ್ಕಳಿಗೆ ಮಾತ್ರ ಗೊತ್ತಿರಲಿ. ಬಂದವಳಿಗೆ ಜೀವಭಯ ಇದೆಯೇ, ಮಕ್ಕಳು ಎಲ್ಲಿದ್ದಾರೆ, ಗಾಯ ಎಲ್ಲಾಗಿದೆ ಎಂಬ ಮೂರು ಮಾತು ಕೇಳಿದರೆ ಆ ರಾತ್ರಿಗೆ ಸಾಕು. ಜಗಳದ ಕಾರಣವನ್ನು ಕೆದಕಬೇಡಿ. ಜೀವಕ್ಕೆ ಅಪಾಯವಿದ್ದರೆ 112ಕ್ಕೆ, ಉಳಿದ ಸಲಹೆಗೆ 181 ಮಹಿಳಾ ಸಹಾಯವಾಣಿಗೆ ಕರೆ ಮಾಡಿ. ಜಿಲ್ಲಾ ಕೇಂದ್ರದ ಸಖಿ ಒನ್ ಸ್ಟಾಪ್ ಕೇಂದ್ರದಲ್ಲಿ ಚಿಕಿತ್ಸೆ, ಆಪ್ತಸಮಾಲೋಚನೆ, ಪೊಲೀಸ್ ಮತ್ತು ಕಾನೂನು ನೆರವು ಒಂದೇ ಕಡೆ ಸಿಗುತ್ತದೆ. ಐದು ದಿನಗಳವರೆಗೆ ತಂಗಬಹುದು. ಹೆಚ್ಚು ದಿನ ಬೇಕಾದರೆ ಮೊದಲು ಸ್ವಾಧಾರ ಗೃಹ ಎನ್ನುತ್ತಿದ್ದ, ಈಗ ಶಕ್ತಿ ಸದನ ಎಂದು ಕರೆಯುವ ವಸತಿಗಳಿಗೆ ಸೇರಿಸುತ್ತಾರೆ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತವಾಗಿರುವುದರಿಂದ ಹಗಲು ಹೊತ್ತಿನಲ್ಲಿ ಗಂಗಾವತಿ ದಾಟಿ ಕೊಪ್ಪಳಕ್ಕೆ ಹೋಗಲು ಯಾರ ಮುಂದೆಯೂ ಕೈ ಚಾಚಬೇಕಾಗಿಲ್ಲ. ಆಧಾರ್ ಕಾರ್ಡ್ ಮಾತ್ರ ಕೈಯಲ್ಲಿರಬೇಕು.

ಆ ಆಧಾರ್ ಕಾರ್ಡೇ ಮನೆಯಲ್ಲಿ ಉಳಿದುಬಿಡುತ್ತದೆ ಎಂಬುದು ನಾನು ಕಂಡ ನಿಜ. ನಿಮ್ಮ ಒಕ್ಕೂಟದಲ್ಲಿ ಲೆಕ್ಕದ ಪುಸ್ತಕ ಇಡುವ ಕಬ್ಬಿಣದ ಟ್ರಂಕು ಇರುತ್ತದಲ್ಲವೇ? ಇಷ್ಟಪಟ್ಟ ಸದಸ್ಯೆಯರೆಲ್ಲರ ಆಧಾರ್, ಪಡಿತರ ಚೀಟಿ, ಪಾಸ್‌ಬುಕ್, ತಾಯಿ ಕಾರ್ಡ್, ಮಕ್ಕಳ ಜನನ ಪ್ರಮಾಣಪತ್ರ, ಲಗ್ನಪತ್ರಿಕೆಗಳ ಜೆರಾಕ್ಸ್ ಪ್ರತಿಗಳನ್ನು ಒಂದೊಂದು ಲಕೋಟೆಯಲ್ಲಿ ಹಾಕಿ ಅದರಲ್ಲಿಡಿ. ಎಲ್ಲರದ್ದೂ ಇದ್ದರೆ ಯಾರ ಮೇಲೂ ಅನುಮಾನ ಬರುವುದಿಲ್ಲ.

ಗಾಯದ ಫೋಟೋ ತೆಗೆಯುವುದಾದರೆ ಅವಳ ಒಪ್ಪಿಗೆ ಪಡೆದು ತೆಗೆಯಿರಿ, ಯಾವ ವಾಟ್ಸ್ಆ್ಯಪ್ ಗುಂಪಿಗೂ ಹಾಕಬೇಡಿ. ಸಹಾಯ ಮಾಡುವ ಉತ್ಸಾಹದಲ್ಲಿ ಹಾಕಿದ ಒಂದು ಫೋಟೋದಿಂದ ಹೆಣ್ಣುಮಗಳೊಬ್ಬಳು ಊರು ಬಿಟ್ಟಿದ್ದನ್ನು ನಾನು ನೋಡಿದ್ದೇನೆ.

ಉತ್ತರ 2: ಶುಶ್ರೂಷಾಧಿಕಾರಿ, ಪ್ರಾಥಮಿಕ ಆರೋಗ್ಯ ಕೇಂದ್ರ, ಸಿಂಧನೂರು ತಾಲ್ಲೂಕು

ಅಕ್ಕನವರು ಬರೆದ ಬಳೆಚೂರಿನ ಮಾತು ಓದಿ ನನ್ನ ಡ್ರೆಸ್ಸಿಂಗ್ ಕೊಠಡಿಯೇ ಕಣ್ಣ ಮುಂದೆ ಬಂತು. ನಮ್ಮಲ್ಲಿಗೆ ಬರುವ ಹೆಣ್ಣುಮಕ್ಕಳು ಹೇಳುವುದು ಒಂದೇ: "ಬಚ್ಚಲದಾಗ ಕಾಲು ಜಾರಿತ್ರೀ." ಬಚ್ಚಲಲ್ಲಿ ಜಾರಿದವರಿಗೆ ಬೆನ್ನ ಮೇಲೆ ಬೆಲ್ಟಿನ ಅಗಲದ ಬಾಸುಂಡೆ ಏಳುವುದಿಲ್ಲ, ತುಟಿಯ ಒಳಗಡೆ ಹಲ್ಲಿನ ಗಾಯ ಆಗುವುದಿಲ್ಲ. ಆದರೆ ಪಕ್ಕದಲ್ಲೇ ಗಂಡ ಅಥವಾ ಅತ್ತೆ ನಿಂತಿದ್ದಾಗ ಅವರು ಬೇರೆ ಏನು ಹೇಳಲು ಸಾಧ್ಯ? ಅದಕ್ಕಾಗಿ ಚುಚ್ಚುಮದ್ದು ಕೊಡಬೇಕು ಎಂದು ಹೇಳಿ ಜೊತೆಗಿದ್ದವರನ್ನು ಹೊರಗೆ ಕಳುಹಿಸುತ್ತೇನೆ. ಪರದೆ ಎಳೆದು, ಮೆಲ್ಲಗೆ, "ಮನೆಯಲ್ಲಿ ಯಾರಾದರೂ ಹೊಡೆದರೇನವ್ವ?" ಎಂದು ಕೇಳಿದರೆ ಹತ್ತರಲ್ಲಿ ಕೆಲವರಾದರೂ ಬಾಯಿ ಬಿಡುತ್ತಾರೆ.

ನಿಮ್ಮ ಒಕ್ಕೂಟದವರು ತಿಳಿದಿರಬೇಕಾದ ವಿಷಯ ಇದು. ಮೊದಲು ದೂರು ಕೊಟ್ಟು ಬನ್ನಿ, ಆಮೇಲೆ ಚಿಕಿತ್ಸೆ ಎಂದು ಯಾವ ಆಸ್ಪತ್ರೆಯೂ ಹೇಳುವಂತಿಲ್ಲ. ಡಿಐಆರ್ ಆಗಿಲ್ಲ ಎಂಬ ಕಾರಣಕ್ಕೆ ಚಿಕಿತ್ಸೆ ನಿರಾಕರಿಸಬಾರದು, ಆಗಿಲ್ಲದಿದ್ದರೆ ಆಸ್ಪತ್ರೆಯ ಮುಖ್ಯಸ್ಥರೇ ಆ ನಮೂನೆಯನ್ನು ತುಂಬಿ ಸಂರಕ್ಷಣಾಧಿಕಾರಿಗೆ ಕಳುಹಿಸಬೇಕು, ತಪಾಸಣೆಯ ವರದಿಯ ಪ್ರತಿಯನ್ನು ಮಹಿಳೆಗೆ ಉಚಿತವಾಗಿ ಕೊಡಬೇಕು ಎಂದು 2006ರ ನಿಯಮಗಳಲ್ಲೇ ಇದೆ. ಇದು ನಮ್ಮ ಸಹೋದ್ಯೋಗಿಗಳಲ್ಲಿಯೇ ಬಹಳ ಜನರಿಗೆ ಗೊತ್ತಿಲ್ಲ. ನನಗೂ ಕೆಲಸಕ್ಕೆ ಸೇರಿ ಆರು ವರ್ಷವಾದ ಮೇಲೆ ಗೊತ್ತಾಯಿತು. ಹೊರರೋಗಿ ಚೀಟಿಯ ಮೇಲೆ ದಿನಾಂಕ, ಗಾಯದ ಜಾಗ, ಅಳತೆ, "ಗಂಡ ಹೊಡೆದನೆಂದು ಹೇಳುತ್ತಾರೆ" ಎಂಬ ಒಂದು ಸಾಲು ಇದ್ದರೆ ಮುಂದೆ ನ್ಯಾಯಾಲಯದಲ್ಲಿ ಅದಕ್ಕೆ ಬೆಲೆ ಇದೆ. ಅರಿಷಿಣ ಹಚ್ಚುವ ಬದಲು ಶುದ್ಧ ನೀರಿನಲ್ಲಿ ತೊಳೆದು, ಬಟ್ಟೆ ಕಟ್ಟಿ, ಬೆಳಗಾದ ಕೂಡಲೇ ಕರೆತನ್ನಿ. ಗಾಜು ಚುಚ್ಚಿದ ಗಾಯಕ್ಕೆ ಟಿ.ಟಿ. ಚುಚ್ಚುಮದ್ದೂ ಬೇಕಾಗುತ್ತದೆ. ತೆಗೆದ ಬಳೆಚೂರುಗಳನ್ನು ಕಾಗದದಲ್ಲಿ ಕಟ್ಟಿಡಿ.

ಇನ್ನೊಂದು ಎಚ್ಚರಿಕೆಯನ್ನು ಹೇಳದೆ ಇರಲಾರೆ. ಭತ್ತ, ಹತ್ತಿ ಬೆಳೆಯುವ ನಮ್ಮ ಭಾಗದಲ್ಲಿ ಬೆಳೆಗೆ ಹೊಡೆಯುವ ಎಣ್ಣೆಯ (ಕೀಟನಾಶಕದ) ಡಬ್ಬಿ ಮನೆಯ ಮೂಲೆಯಲ್ಲೇ ಇರುತ್ತದೆ. "ನನಗ ಸಾಕಾಗೈತಿ" ಎಂದು ಹೇಳಿದವಳನ್ನು ಆ ರಾತ್ರಿ ಒಬ್ಬಳನ್ನೇ ಬಿಡಬೇಡಿ. ಮಾನಸಿಕ ಆರೋಗ್ಯದ ಸಹಾಯವಾಣಿಯಾದ ಟೆಲಿ ಮನಸ್‌ನ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಉತ್ತರ 3: ನಿವೃತ್ತ ಮುಖ್ಯೋಪಾಧ್ಯಾಯ, ಯಲಬುರ್ಗಾ ತಾಲ್ಲೂಕು

ನಮ್ಮೂರ ದೈವದಲ್ಲಿ ನಾನೂ ಒಬ್ಬ ಹಿರಿಯನಾಗಿ ಕುಳಿತವನು. ಹಾಗಾಗಿ ಈ ಪ್ರಶ್ನೆಯಲ್ಲಿ ನನ್ನ ಪಾಲೂ ಇದೆ. ಊರ ಹಿರಿಯರೆಲ್ಲ ಕೆಟ್ಟವರು, ಅವರನ್ನು ದೂರವಿಡಿ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಬಹಳಷ್ಟು ಹೆಣ್ಣುಮಕ್ಕಳಿಗೆ ಬೇಕಾಗಿರುವುದು ಹೊಡೆತವಿಲ್ಲದ ಅದೇ ಮನೆ, ಮತ್ತು ರಾತ್ರಿ ಹನ್ನೆರಡಕ್ಕೆ ಕೂಗಿದರೆ ಬರುವವರು ಊರಿನವರೇ.

ಆದರೆ ನಾವು ರಾಜಿ ಮಾಡಿಸುವ ರೀತಿ ತಪ್ಪು ಎಂಬುದನ್ನು ಒಪ್ಪುತ್ತೇನೆ. ಕೆಲವು ವರ್ಷಗಳ ಹಿಂದೆ ಕಾನೂನು ಅರಿವು ಶಿಬಿರವೊಂದರಲ್ಲಿ ವಕೀಲರು ಒಂದು ನಿಯಮ ಓದಿದರು: ಈ ಕಾಯ್ದೆಯಡಿ ನಡೆಯುವ ಆಪ್ತಸಮಾಲೋಚನೆಯಲ್ಲಿ, ತಾನು ಹೊಡೆದದ್ದಕ್ಕೆ ಸಮರ್ಥನೆ ಹೇಳಲು ಎದುರುದಾರನಿಗೆ ಅವಕಾಶವೇ ಇಲ್ಲ, ಮತ್ತೆ ಹೀಗಾಗದು ಎಂಬ ಭರವಸೆ ಪಡೆಯುವುದೇ ಸಮಾಲೋಚನೆಯ ಉದ್ದೇಶ. ಅದನ್ನು ಕೇಳಿ ನನಗೆ ನಾಚಿಕೆಯಾಯಿತು. ನಾವು ಅಷ್ಟು ವರ್ಷ ಕಟ್ಟೆಯ ಮೇಲೆ ಕೇಳುತ್ತಿದ್ದದ್ದು ಆ ಸಮರ್ಥನೆಯನ್ನೇ. ರೊಟ್ಟಿ ಸುಟ್ಟಿತ್ತೋ, ಎದುರು ಮಾತನಾಡಿದಳೋ ಎಂಬ ವಿಚಾರಣೆ ಪೂರ್ತಿಯಾಗಿ ಹೊಡೆದವನ ಪರವಾಗಿತ್ತು.

ಈಗ ನಮ್ಮೂರಲ್ಲಿ ಇಂಥ ವಿಷಯ ಬಂದರೆ ಕನಿಷ್ಠ ಮೂವರು ಹೆಣ್ಣುಮಕ್ಕಳು ಕಟ್ಟೆಯ ಮೇಲೆ ನಮ್ಮ ಸಮಕ್ಕೆ ಕೂಡುತ್ತಾರೆ. ಅವಳಿಗೆ ಒಪ್ಪಿಗೆಯಿಲ್ಲದೆ ಸಭೆಯನ್ನೇ ಕರೆಯುವುದಿಲ್ಲ. ಗಾಯವಾಗಿದ್ದರೆ ಮೊದಲು ಆಸ್ಪತ್ರೆ, ನಂತರ ಮಾತು. ಕುಡಿತವೇ ಎಲ್ಲದಕ್ಕೂ ಮೂಲ ಎಂದು ನಾನು ಮೊದಲು ನಂಬಿದ್ದೆ. ಕಿರಾಣಿ ಅಂಗಡಿಯಲ್ಲಿ ಸೆರೆ ಮಾರುವುದನ್ನು ನಿಲ್ಲಿಸಿದೆವು, ಒಳ್ಳೆಯದೇ ಆಯಿತು. ಆದರೂ ಹನಿ ಮುಟ್ಟದ ಇಬ್ಬರು ಹೊಡೆಯುವುದನ್ನು ಬಿಡಲಿಲ್ಲ.

ಉತ್ತರ 4: ವಕೀಲೆ, ಗಂಗಾವತಿ

ಮೇಷ್ಟ್ರು ಪ್ರಾಮಾಣಿಕವಾಗಿ ಬರೆದಿದ್ದಾರೆ. ಅದಕ್ಕೆ ಒಂದನ್ನು ಸೇರಿಸುತ್ತೇನೆ. ಊರ ರಾಜಿಯನ್ನು ಮುರಿದವನಿಗೆ ಏನೂ ಆಗುವುದಿಲ್ಲ. ಮ್ಯಾಜಿಸ್ಟ್ರೇಟರ ರಕ್ಷಣಾ ಆದೇಶವನ್ನು ಮುರಿದರೆ 2005ರ ಕಾಯ್ದೆಯ 31ನೇ ಕಲಮಿನಡಿ ಒಂದು ವರ್ಷದವರೆಗೆ ಸೆರೆವಾಸ ಅಥವಾ 20,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು, ಮತ್ತು ಅದು ಜಾಮೀನು ರಹಿತ ಅಪರಾಧ. ಹಾಗಾಗಿ ಮಹಿಳೆ ಅದೇ ಮನೆಯಲ್ಲಿ ಬಾಳಲು ಬಯಸಿದರೂ ಕೈಯಲ್ಲಿ ಆದೇಶ ಇಟ್ಟುಕೊಂಡು ಬಾಳುವುದು ಮೇಲು.

"ಅವ ಜೈಲಿಗೆ ಹೋಗೋದು ಬ್ಯಾಡ ಮೇಡಂ, ಹೊಡಿಯೋದು ನಿಂತರ ಸಾಕು" ಎಂದು ನನ್ನ ಬಳಿ ಬರುವ ಹೆಚ್ಚಿನವರು ಹೇಳುತ್ತಾರೆ. ಅವರಿಗೆ ದಾರಿಗಳು ಎರಡು ಎಂದು ಬಿಡಿಸಿ ಹೇಳಬೇಕು. ಹಿಂದೆ ಭಾರತೀಯ ದಂಡ ಸಂಹಿತೆಯ 498ಎ ಆಗಿದ್ದ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ ಆಗಿರುವ ಕ್ರೌರ್ಯದ ಅಪರಾಧಕ್ಕೆ ಪೊಲೀಸ್ ಪ್ರಕರಣ ದಾಖಲಾಗುತ್ತದೆ, ಮೂರು ವರ್ಷದವರೆಗೆ ಶಿಕ್ಷೆ ಇದೆ. 2005ರ ಕಾಯ್ದೆಯ 12ನೇ ಕಲಮಿನ ಅರ್ಜಿ ಬೇರೆ: ಹೊಡೆಯಬಾರದು ಎಂಬ ಆದೇಶ, ಮನೆಯಿಂದ ಹೊರಹಾಕಬಾರದು ಎಂಬ ಆದೇಶ, ಜೀವನಾಂಶ, ಮಗುವಿನ ತಾತ್ಕಾಲಿಕ ಸುಪರ್ದಿ, ಪರಿಹಾರ ಇಷ್ಟನ್ನೂ ಅದರಲ್ಲಿ ಕೇಳಬಹುದು. ಎರಡು ದಾರಿಗಳನ್ನೂ ಒಟ್ಟಿಗೆ ಹಿಡಿಯಲು ಅಡ್ಡಿಯಿಲ್ಲ. ಗೃಹಲಕ್ಷ್ಮಿಯ ಹಣ ಕಸಿದುಕೊಳ್ಳುವುದೂ ಈ ಕಾಯ್ದೆಯ ಲೆಕ್ಕದಲ್ಲಿ ಆರ್ಥಿಕ ಹಿಂಸೆಯೇ.

ನಿಮ್ಮ ಸದಸ್ಯೆ ತವರಿನಲ್ಲಿದ್ದಾಳೆ ಎಂದಿರಿ. ಅರ್ಜಿ ಹಾಕಲು ಅವಳು ಕೊಪ್ಪಳ ಜಿಲ್ಲೆಗೆ ಮರಳಬೇಕಾಗಿಲ್ಲ. ತಾತ್ಕಾಲಿಕವಾಗಿ ವಾಸವಿರುವ ಸ್ಥಳದ ನ್ಯಾಯಾಲಯಕ್ಕೂ ಅಧಿಕಾರವಿದೆ ಎಂದು 27ನೇ ಕಲಂ ಹೇಳುವುದರಿಂದ ಸಿಂಧನೂರಿನಲ್ಲಿಯೇ ಅರ್ಜಿ ಹಾಕಬಹುದು. ಗುಳೆ ಹೋದ ಕಡೆ, ಬೆಂಗಳೂರಿನ ಕಟ್ಟಡದ ಶೆಡ್ಡಿನಲ್ಲಿ ಹೊಡೆತ ತಿಂದು ಊರಿಗೆ ಬಂದವರಿಗೂ ಇದೇ ಅನ್ವಯಿಸುತ್ತದೆ, ಮತ್ತು ಆದೇಶ ಇಡೀ ದೇಶಕ್ಕೆ ಜಾರಿಯಾಗುತ್ತದೆ. ಮನೆ ಮಾವನ ಹೆಸರಿನಲ್ಲಿದೆ, ಸೊಸೆಗೆ ಹಕ್ಕಿಲ್ಲ ಎಂಬ ಮಾತನ್ನು ನಂಬಬೇಡಿ. ಗಂಡನ ಬಂಧುಗಳ ಒಡೆತನದ ಮನೆಯೂ ಅವಳು ಬಾಳಿದ ಮನೆಯಾಗಿದ್ದರೆ ಅದರಲ್ಲಿ ವಾಸಿಸುವ ಹಕ್ಕು ಕೇಳಬಹುದು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ.

ಅರ್ಜಿ ಹಾಕಿದ ಮೂರು ದಿನಗಳೊಳಗೆ ಮೊದಲ ವಿಚಾರಣೆ, ಅಲ್ಲಿಂದ 60 ದಿನಗಳಲ್ಲಿ ಇತ್ಯರ್ಥಕ್ಕೆ ಪ್ರಯತ್ನ ಎಂದು ಕಾಯ್ದೆಯಲ್ಲಿ ಬರೆದಿದೆ. ನಮ್ಮ ನ್ಯಾಯಾಲಯಗಳ ಹೊರೆಯಲ್ಲಿ ಅದು ಎಳೆಯುತ್ತದೆ. ಅದಕ್ಕಾಗಿ ಮೊದಲ ದಿನವೇ ಪ್ರಮಾಣಪತ್ರದೊಂದಿಗೆ 23ನೇ ಕಲಮಿನ ಮಧ್ಯಂತರ ಆದೇಶವನ್ನು ಕೇಳಿಸಿ. ವಕೀಲರ ಶುಲ್ಕಕ್ಕೆ ಹೆದರಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಂತೆ ಆದಾಯ ಎಷ್ಟೇ ಇರಲಿ, ಎಲ್ಲ ಮಹಿಳೆಯರಿಗೂ ಉಚಿತ ವಕೀಲರು ಸಿಗುತ್ತಾರೆ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವೆಗಳ ಸಮಿತಿಯನ್ನು ಕೇಳಿ, ಇಲ್ಲವೇ 15100ಕ್ಕೆ ಕರೆ ಮಾಡಿ. ನಿಮ್ಮ ಒಕ್ಕೂಟದಿಂದ ಒಬ್ಬಿಬ್ಬರು ಅರೆ ಕಾನೂನು ಸ್ವಯಂಸೇವಕರಾಗಿ ತರಬೇತಿ ಪಡೆದರೆ ಬಹಳ ಉಪಯೋಗ.

ಠಾಣೆಯಲ್ಲಿ ದೂರು ಕೊಟ್ಟಾಗ ಬರಿಗೈಯಲ್ಲಿ ಹಿಂದಿರುಗಬೇಡಿ, ದೂರು ಬಂದಿದೆ ಎಂದು ಠಾಣೆಯವರು ಬರೆದುಕೊಡುವ ಹಿಂಬರಹವನ್ನಾದರೂ ಪಡೆಯಿರಿ. ಗಂಡನಿಂದ ಮುಚ್ಚಳಿಕೆ ಬರೆಸಿಕೊಂಡು ಕಳುಹಿಸಿದರೆ ಅದರ ನಕಲನ್ನು ಕೇಳಿ ಪಡೆಯಿರಿ. ದೇವದಾಸಿ ಪದ್ಧತಿಗೆ ಒಳಗಾಗಿದ್ದ ಮಹಿಳೆಯರು ನಮ್ಮ ಜಿಲ್ಲೆಗಳಲ್ಲಿ ಬಹಳ ಇದ್ದಾರೆ. "ನಿನಗೆ ಮದುವೆಯೇ ಆಗಿಲ್ಲ, ಇದು ನಿನಗೆ ಬರುವುದಿಲ್ಲ" ಎಂದು ಅವರನ್ನು ಬಾಗಿಲಿನಿಂದಲೇ ಕಳುಹಿಸುವುದು ತಪ್ಪು. ವಿವಾಹದ ಸ್ವರೂಪದ ಸಂಬಂಧವೂ ಈ ಕಾಯ್ದೆಯ ವ್ಯಾಪ್ತಿಯಲ್ಲಿದೆ. ಯಾವ ಸಂಬಂಧ ಅದರೊಳಗೆ ಬರುತ್ತದೆ ಎಂಬುದನ್ನು ನ್ಯಾಯಾಲಯ ನಿರ್ಧರಿಸಲಿ. ತಾಯಿ, ಅಕ್ಕತಂಗಿ, ವಿಧವೆ ಸೊಸೆ ಕೂಡ ಅರ್ಜಿ ಹಾಕಬಹುದು.

ಉತ್ತರ 5: ಓದುಗರೊಬ್ಬರು, ಲಿಂಗಸುಗೂರು ತಾಲ್ಲೂಕು

ನಾನು ಒಂಬತ್ತು ವರ್ಷ ಹೊಡೆತ ತಿಂದವಳು. ಈಗ ಮಕ್ಕಳೊಂದಿಗೆ ಬೇರೆ ಇದ್ದೇನೆ, ಹೊಲಿಗೆಯಿಂದ ಜೀವನ ನಡೆಯುತ್ತಿದೆ. ಮೇಲಿನವರೆಲ್ಲ ಬಹಳ ಒಳ್ಳೆಯ ಮಾಹಿತಿ ಕೊಟ್ಟಿದ್ದಾರೆ. ಸಹಾಯ ಮಾಡುವವರಿಗೆ ಗೊತ್ತಿರಲಿ ಎಂದು ನನ್ನ ಕಡೆಯ ಮಾತನ್ನು ಬರೆಯುತ್ತೇನೆ.

ನಾನು ಮನೆ ಬಿಟ್ಟು ಬಂದು ಮತ್ತೆ ಹೋದದ್ದು ನಾಲ್ಕು ಸಲ. ಮೂರನೆಯ ಸಲ ಓಡಿ ಬಂದಾಗ ಪಕ್ಕದ ಮನೆಯವರು, "ಮತ್ತ ಅವನ ಕಡೇನ ಹೋಗಾಕಿ ನೀ, ನಾವ್ಯಾಕ ಕೆಟ್ಟಾಗೂಣು?" ಎಂದರು. ಅವರ ಬೇಸರ ನನಗೆ ಅರ್ಥವಾಗುತ್ತದೆ. ಆದರೆ ಮಗನ ಶಾಲೆ, ಕೊಟ್ಟಿಗೆಯ ಎಮ್ಮೆ, ತವರಿನಲ್ಲಿ ಮದುವೆಯಾಗದೆ ಕುಳಿತ ತಂಗಿ ಇಷ್ಟೂ ನನ್ನನ್ನು ಹಿಂದಕ್ಕೆ ಎಳೆಯುತ್ತಿದ್ದವು. ನಾಲ್ಕನೆಯ ಸಲ ಬಾಗಿಲು ತೆರೆದ ಅಂಗನವಾಡಿ ಟೀಚರಮ್ಮ ಏನೂ ಕೇಳದೆ ಚಾಪೆ ಹಾಸಿದರು. ಬೆಳಗ್ಗೆ ಚಹಾ ಕೊಟ್ಟು, "ಏನು ಮಾಡಬೇಕಂತೀ? ನೀ ಹೇಳಿದಂಗ ಮಾಡೂಣು" ಎಂದರು. ಒಂಬತ್ತು ವರ್ಷದಲ್ಲಿ ನನ್ನ ಇಚ್ಛೆ ಏನು ಎಂದು ಕೇಳಿದವರು ಅವರೊಬ್ಬರೇ. ಹೋದವಳು ಮತ್ತೆ ಬಂದರೆ ಮತ್ತೆ ಬಾಗಿಲು ತೆರೆಯುತ್ತೀರಿ ಎಂಬುದನ್ನು ನಿಮ್ಮ ಠರಾವಿನಲ್ಲಿ ಬರೆದುಕೊಳ್ಳಿ, ಅಕ್ಕಾ.

ಒಳ್ಳೆಯ ಮನೆಯವರಿಗೆ ಇದೆಲ್ಲ ಇಲ್ಲ ಎಂದು ತಿಳಿಯಬೇಡಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ ಮದುವೆಯಾದ ಮಹಿಳೆಯರ ಪ್ರಮಾಣ 2015–16ರಲ್ಲಿ ಶೇ 20.6 ಇತ್ತು, 2019–21ರಲ್ಲಿ ಶೇ 44.4 ಆಯಿತು. ದೇಶದಲ್ಲಿ ಹಿಂಸೆ ಅನುಭವಿಸಿದವರ ಪೈಕಿ ಸಹಾಯ ಕೇಳಿದವರು ಶೇ 14 ಮಾತ್ರ. ನಿಮ್ಮ ಸಭೆಯ ಜಮಖಾನೆಯ ಮೇಲೆ ಕುಳಿತವರಲ್ಲಿಯೇ ಸಹಾಯ ಕೇಳದೆ ಉಳಿದವರೂ ಇದ್ದಾರೆ.

ಪ್ರಶ್ನೆ ಕೇಳಿದವರ ಮರುಬರಹ

ಬರೆದ ಎಲ್ಲ ಹಿರಿಯರಿಗೂ ಅಕ್ಕಂದಿರಿಗೂ ಕೈ ಮುಗಿಯುತ್ತೇನೆ. ಲಿಂಗಸುಗೂರಿನ ಅಕ್ಕನ ಮಾತನ್ನು ನಿನ್ನೆ ನಮ್ಮ ಗುಂಪಿನ ಸಭೆಯಲ್ಲಿ ಗಟ್ಟಿಯಾಗಿ ಓದಿದೆ. ಓದಿ ಮುಗಿಸಿದ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಆಮೇಲೆ ಇಬ್ಬರು ತಾವಾಗಿಯೇ ತಮ್ಮ ಮನೆಯ ಬಾಗಿಲನ್ನು ಕೊಡುತ್ತೇವೆ ಎಂದರು. ಮೂರನೆಯ ಮನೆ ನಮ್ಮದು. ಜೆರಾಕ್ಸ್ ಲಕೋಟೆಗಳ ಕೆಲಸ ಶುರುವಾಗಿದೆ, ಬರುವ ಸೋಮವಾರ ಐದು ಜನ ಯೋಜನಾಧಿಕಾರಿಗಳ ಕಚೇರಿಗೆ ಹೋಗುತ್ತಿದ್ದೇವೆ.

ತವರಿನಲ್ಲಿರುವ ನಮ್ಮ ಸದಸ್ಯೆಗೆ ಫೋನ್ ಮಾಡಿ ಸಿಂಧನೂರಿನಲ್ಲಿಯೇ ಅರ್ಜಿ ಹಾಕಬಹುದು ಎಂದು ಹೇಳಿದೆ. ಅವಳು ಮೊದಲು ಕೇಳಿದ್ದು, "ಅಕ್ಕಾ, ಗುಂಪಿನಾಗ ನನ್ನ ಹೆಸರು ತಗದೀರೇನು?" ಎಂದು. ತೆಗೆದಿಲ್ಲ. ಅವಳ ಕಂತನ್ನು ಮುಂದಕ್ಕೆ ಹಾಕಲು ನಿನ್ನೆಯೇ ಠರಾವು ಮಾಡಿದ್ದೇವೆ. ಬುಧವಾರ ಅವಳ ಜೊತೆ ಕಾನೂನು ಸೇವೆಗಳ ಸಮಿತಿಗೆ ನಾನೂ ಹೋಗುತ್ತೇನೆ.

ಒಂದು ವಿಷಯ ಮಾತ್ರ ಬಗೆಹರಿದಿಲ್ಲ. ರಾತ್ರಿ ಹೊತ್ತಿನಲ್ಲಿ ಗಾಯಗೊಂಡವಳನ್ನು ಸಾಗಿಸಲು ಊರಿನ ಟಂಟಂನವರು (ಬಾಡಿಗೆಯ ಮೂರು ಚಕ್ರದ ಗಾಡಿಯವರು) ಬರಲು ಒಪ್ಪಿದ್ದಾರೆ, ಆದರೆ ಬಾಡಿಗೆಯನ್ನು ಯಾವ ಲೆಕ್ಕದಿಂದ ಕೊಡಬೇಕೋ ತಿಳಿಯುತ್ತಿಲ್ಲ. ಒಕ್ಕೂಟದ ನಿಧಿಯಿಂದ ತೆಗೆದರೆ ಲೆಕ್ಕ ಪರಿಶೋಧನೆಯಲ್ಲಿ ಆಕ್ಷೇಪಣೆ ಬರುತ್ತದೆ ಎಂದು ನಮ್ಮ ಖಜಾಂಚಿ ಹೇಳುತ್ತಾರೆ. ಸದ್ಯಕ್ಕೆ ಪ್ರತಿಯೊಬ್ಬರೂ ತಿಂಗಳಿಗೆ ಐದು ರೂಪಾಯಿ ಬೇರೆ ಡಬ್ಬಿಗೆ ಹಾಕೋಣ ಎಂದುಕೊಂಡಿದ್ದೇವೆ. ಬೇರೆ ಒಕ್ಕೂಟಗಳಲ್ಲಿ ಇದಕ್ಕೆ ಏನು ಮಾಡಿದ್ದಾರೆ ಎಂದು ತಿಳಿದವರು ಬರೆಯಿರಿ.